ನಾಲ್ಕನೆಯ ಮಾತು

ಡಾಕ್ಟರು ಅವಳಿಗೆ ಜೋಗುಳ ಎಂದು ಅಡ್ಡಹೆಸರಿಟ್ಟಿದ್ದರು. ಸಿಗರೇಟು ಬಿಡಲಾರದವರು, ಲಿಫ್ಟ್ ಹತ್ತಲು ಹೆದರುವವರು, ನಿದ್ದೆ ಬಾರದವರು ಡಾಕ್ಟರ ಕ್ಲಿನಿಕ್ಕಿಗೆ ಸಮ್ಮೋಹನ ಚಿಕಿತ್ಸೆಗೆಂದು ಬರುತ್ತಿದ್ದರು. ಬಂದವರನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಮಾತಿನಲ್ಲೇ ಮಂಪರಿಗೆ ಇಳಿಸುವುದು ಅವಳ ಕೆಲಸ. ಗಡಿಯಾರ ತೂಗಾಡಿಸುವುದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸುವುದು, ಅಂಥದ್ದೇನೂ ಇಲ್ಲ. ಮೊದಲು, ಎದುರಿನವರು ಅಲ್ಲವೆನ್ನಲಾಗದ ಮೂರು ಮಾತು. ಕುರ್ಚಿಗೆ ಒರಗಿದ್ದೀರಿ. ಕಾಲು ನೆಲ ಮುಟ್ಟಿದೆ. ಹೊರಗೆ ಬಸ್ಸಿನ ಸದ್ದು ಕೇಳ್ತಿದೆ. ಒಂದೊಂದಕ್ಕೂ ಒಳಗೊಳಗೇ ಹೌದೆನ್ನುತ್ತ ಬಂದ ಮನಸ್ಸು ನಾಲ್ಕನೆಯದು ಬರುವ ಹೊತ್ತಿಗೆ ಬಾಗಿಲು ತೆರೆದೇ ಇಟ್ಟಿರುತ್ತದೆ. ಅವರು ಉಸಿರು ಹೊರಬಿಡುವುದನ್ನು ಕಾದು, ಮೆಲ್ಲಗೆ ಅದನ್ನು ಒಳಗೆ ಬಿಡಬೇಕು. ಮೈ ಹಗುರಾಗ್ತಿದೆ. ಅದು ನಿಜವೇ ಆಗಿರಬೇಕೆಂದಿಲ್ಲ. ಮೂರು ನಿಜಗಳ ಬೆನ್ನಿಗೆ ಬಂದರೆ ಸಾಕು.

"ನಿನಗೆ ರಜೆ ಬೇಕಾದ್ರೆ ಚೀಟಿ ಬರೆದು ಕಳಿಸಮ್ಮ," ಎನ್ನುತ್ತಿದ್ದರು ಡಾಕ್ಟರು. "ಬಾಯಲ್ಲಿ ಕೇಳಿದ್ರೆ ನಾನು ಕುರ್ಚಿನೂ ನಿನಗೇ ಬಿಟ್ಟುಕೊಟ್ಟು ಮನೆಗೆ ಹೋಗಿಬಿಡ್ತೀನಿ."

ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ. ಗಂಡ ತೀರಿಹೋಗಿ ವರ್ಷ ತುಂಬಿರಲಿಲ್ಲ. ಅವಳು ಅತ್ತಿರಲಿಲ್ಲ. ಕೆಲಸಕ್ಕೆ ಹೋದಳು, ಬಂದಳು, ಬಟ್ಟೆ ಒಗೆದಳು. ಅತ್ತೆ ಇಬ್ಬರ ಪಾಲಿನದನ್ನೂ ಅತ್ತರು.

ಹಾಗಿರುವಾಗ ನಾದಿನಿಯ ಫೋನು ಬಂತು. "ಅತ್ತಿಗೆ, ಅಮ್ಮನ್ನ ನಮ್ಮನೇಲೇ ಇಟ್ಕೋತೀನಿ. ಮಗು ಜೊತೆ ಹೊತ್ತು ಹೋಗುತ್ತೆ. ಭಾನುವಾರ ಕಾರು ತರ್ತೀವಿ. ಅಮ್ಮ ಹೂಂ ಅಂದ್ರೆ ಸಾಕು. ನೀವು ಮಧ್ಯೆ ಬಾಯಿ ಹಾಕಬೇಡಿ ಮತ್ತೆ! ನಿಮ್ಮ ಮಾತಿಗೆ ಗೋಡೆ ಮೇಲಿನ ಹಲ್ಲಿನೂ ಇಳಿದು ಬರುತ್ತೆ."

ನಾದಿನಿ ನಕ್ಕಳು. ಅವಳೂ ನಕ್ಕಳು. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಬೋರಲು ಹಾಕುವ ಸದ್ದು ಕೇಳಿಸಿತು. ಭಾನುವಾರದ ನಂತರ ಈ ಸದ್ದು ಇರುವುದಿಲ್ಲ. ಬೀಗ ತಾನೇ ತೆಗೆಯಬೇಕು, ದೀಪ ತಾನೇ ಹಾಕಬೇಕು.

ಮಾರನೆಯ ಬೆಳಿಗ್ಗೆ ಅತ್ತೆ ಕಿಟಕಿ ಪಕ್ಕ ಕಾಫಿ ಹಿಡಿದು ಕೂತಿದ್ದರು. ಅವಳು ಎದುರು ಕೂತಳು.

"ಇವತ್ತು ಬಿಸಿಲು ಚೆನ್ನಾಗಿದೆ ಅತ್ತೆ."

"ಹೂಂ."

"ಕಾಫಿ ಇನ್ನೂ ಬಿಸಿಯಾಗಿದೆ."

"ಹೂಂ ಕಣೆ."

"ಶಾಲು ಬೆಚ್ಚಗಿದೆ." ಅತ್ತೆಯ ಎದೆ ಇಳಿಯುವುದನ್ನು ಕಾದಳು. "ಇಲ್ಲೇ ಹಾಯಾಗಿದೆ."

ಅತ್ತೆ ಕಣ್ಣು ಅರೆಮುಚ್ಚಿ ಲೋಟ ಕೆನ್ನೆಗೆ ಒತ್ತಿಕೊಂಡರು. ಆಮೇಲಿನ ಬೆಳಿಗ್ಗೆಗಳಲ್ಲೂ ಹಾಗೆಯೇ ನಡೆಯಿತು. ಮೊದಲ ಮೂರು ಮಾತು ಬದಲಾಗುತ್ತಿದ್ದವು, ನಾಲ್ಕನೆಯದು ಬದಲಾಗುತ್ತಿರಲಿಲ್ಲ.

ಶುಕ್ರವಾರ ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಮಗಳ ಜೊತೆ ಫೋನಿನಲ್ಲಿದ್ದರು. "ಬೇಡ ಬಿಡೆ. ಬಿಸಿಲು ಬರುತ್ತೆ ಇಲ್ಲಿ. ನನ್ನ ಶಾಲಿದೆ." ಒಂದು ಉಸಿರು ಬಿಟ್ಟರು. "ಇಲ್ಲೇ ಹಾಯಾಗಿದೆ."

ಅವಳು ಒಂದು ಚಪ್ಪಲಿಯಲ್ಲೇ ನಿಂತುಬಿಟ್ಟಳು. ಪದ ಅವಳದು, ಅದಕ್ಕೆ ಮೊದಲಿನ ಆ ಉಸಿರೂ ಅವಳದೇ. ಕುರ್ಚಿಯಲ್ಲಿ ಕೂತವರು ಕಣ್ಣುಬಿಟ್ಟು ಹಗುರಾಯ್ತು ಎಂದಾಗ ಅವಳಿಗೆ ಖುಷಿಯಾಗುತ್ತಿತ್ತು. ಈಗ ಆಗಲಿಲ್ಲ. ಗೆದ್ದಿದ್ದಳು, ಅತ್ತೆ ಉಳಿಯುತ್ತಾರೆ. ಆದರೆ ಉಳಿದವರ ಬಾಯಲ್ಲಿ ಕೇಳುವುದು ತನ್ನದೇ ಮಾತಾದರೆ, ಮನೆಯಲ್ಲಿ ಇರುವವರು ಎಷ್ಟು ಜನ?

ಊಟಕ್ಕೆ ಕೂತಾಗ, ಹಾಕಿದ ಮಾತನ್ನು ವಾಪಸು ತೆಗೆದುಕೊಂಡುಬಿಡೋಣ ಅಂದುಕೊಂಡಳು. ಬಾಯಿ ತೆರೆದರೆ ಬಂದದ್ದು, "ಅತ್ತೆ, ಹೋಗೋದಾದ್ರೆ ಈ ಚಳಿ ಕಳೆದ ಮೇಲೆ ಹೋಗ್ತೀರಾ, ಇಲ್ಲಾ ಮಗು ಸ್ಕೂಲಿಗೆ ಸೇರಿದ ಮೇಲೆ..." ಯಾವುದನ್ನು ಆರಿಸಿದರೂ ಈ ಭಾನುವಾರ ಹೋಗದಂತೆ ಕಟ್ಟಿದ ಪ್ರಶ್ನೆ. ತಟ್ಟನೆ ತುಟಿ ಕಚ್ಚಿಕೊಂಡಳು. ನೆಟ್ಟಗೆ ಕೇಳುವುದು ಅವಳ ನಾಲಿಗೆಗೆ ಮರೆತೇಹೋಗಿತ್ತು.

"ಏನೇ ಅದು, ಅರ್ಧ ನುಂಗಿಕೊಂಡೆ?"

"ನಿಮಗೇನು ಬೇಕು ಅಂತ ಕೇಳಬೇಕಿತ್ತು."

"ಕೇಳು ಮತ್ತೆ."

"ಕೇಳಿದೆನಲ್ಲ."

ಅತ್ತೆ ಅವಳ ಮುಖ ನೋಡಿದರು. ಅವಳು ತಟ್ಟೆ ನೋಡುತ್ತ ಹೇಳಿದಳು: "ಇಲ್ಲೇ ಹಾಯಾಗಿದೆ ಅನ್ನೋದನ್ನ ನಾನೇ ನಿಮ್ಮ ತಲೆಗೆ ಹಾಕಿದ್ದು. ಕ್ಲಿನಿಕ್ಕಲ್ಲಿ ಹಾಕ್ತೀನಲ್ಲ, ಹಾಗೆ."

"ಓಹೋ." ಅತ್ತೆ ನೀರು ಕುಡಿದರು. "ನಾನು ಅಂದ್ಕೊಂಡೆ, ಹುಡುಗಿ ಕೊನೆಗೂ ಬಾಯಿ ಬಿಟ್ಟಳಲ್ಲ ಅಂತ. ಅವನು ಹೋದಮೇಲೆ ನನ್ನ ಜೊತೆ ನೀನು ಅಷ್ಟು ಮಾತಾಡಿದ್ದೇ ಇಲ್ಲ. ಬಿಸಿಲೋ ಶಾಲೋ, ಏನಾದ್ರೂ ಆಗ್ಲಿ ಅಂತ ಕೇಳಿಸ್ಕೊಂಡೆ."

ಅವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಹಾಯಾಗಿಲ್ಲ ಕಣೆ," ಅತ್ತೆ ಮೆಲ್ಲಗೆ ಹೇಳಿದರು. "ಇಲ್ಲಿ ಎಲ್ಲಿ ನೋಡಿದ್ರೂ ಅವನೇ. ಬಚ್ಚಲಲ್ಲಿ, ಬಾಗಿಲಲ್ಲಿ. ನಿನಗೆ ಹಾಗಾಗಲ್ವಾ?"

"ನನಗೆ ಅವರು ಎಲ್ಲೂ ಕಾಣಲ್ಲ ಅತ್ತೆ." ಈ ಮಾತಿಗೆ ಹಿಂದೆ ಮುಂದೆ ಏನೂ ಕಟ್ಟಿರಲಿಲ್ಲ. "ನೀವು ನೋಡಿದ ಕಡೆ ನಾನೂ ನೋಡ್ತೀನಿ. ನೀವು ಹೋದ್ರೆ ಯಾವ ಕಡೆ ನೋಡಬೇಕು ಅಂತ ಗೊತ್ತಾಗಲ್ಲ."

ಅತ್ತೆ ಎಡಗೈಯಲ್ಲಿ ಸೌಟು ಹಿಡಿದು ಅವಳ ತಟ್ಟೆಗೆ ಒಂದಿಷ್ಟು ಸಾರು ಬಡಿಸಿದರು. ಆಮೇಲೆ, "ನಾನು ಹೋಗ್ಬೇಕು ಮಗಳೇ," ಅಂದರು. "ಇಲ್ಲಿದ್ರೆ ನಾನು ಉಳಿಯಲ್ಲ."

ಅವಳು ತಲೆಯಾಡಿಸಿದಳು. ಆ ಮಾತು ಅತ್ತೆಯದೇ.

ಭಾನುವಾರ ನಾದಿನಿಯ ಗಂಡ ಚೀಲಗಳನ್ನು ಕೆಳಗೆ ಸಾಗಿಸುತ್ತಿದ್ದಾಗ ಅತ್ತೆ ಅವಳ ಮುಂಗೈ ಹಿಡಿದು ಕೋಣೆ ಕೋಣೆಗೂ ಕರೆದುಕೊಂಡು ಹೋದರು. ಹಿಂದಿನದು ಮುಂದೆ, ಮುಂದಿನದು ಹಿಂದೆ, ನೆನಪಾದ ಹಾಗೆ ಮಗನ ವಿಷಯ ಹೇಳಿದರು. ಇಲ್ಲಿ ಒರಗಿಕೊಂಡು ಫೋನಲ್ಲಿ ಮಾತಾಡ್ತಿದ್ದ, ನೋಡು ಸುಣ್ಣ ಸವೆದಿದೆ. ಜ್ವರ ಬಂದಾಗ ಈ ಮೂಲೆ, ಗೋಡೆ ತಣ್ಣಗಿದೆ ಅಂತ. ಈ ಮೊಳೆ ಅವನೇ ಹೊಡೆದಿದ್ದು, ಸೊಟ್ಟ, ಒಂದು ಕ್ಯಾಲೆಂಡರೂ ನೆಟ್ಟಗೆ ನಿಲ್ಲಲ್ಲ, ಕತ್ತೆ.

"ಅಮ್ಮಾ, ಹೊತ್ತಾಯ್ತು," ಎಂದು ನಾದಿನಿ ಕೂಗಿದಳು.

"ಬಂದೆ ಕಣೆ, ಪ್ರಾಣ ತೆಗೀಬೇಡ." ಬಾಗಿಲಲ್ಲಿ ಅತ್ತೆ ತಿರುಗಿದರು. "ಫೋನ್ ಮಾಡು. ಆ ಕ್ಲಿನಿಕ್ಕಿನ ದನಿಯಲ್ಲಿ ಮಾಡಿದ್ರೆ ಇಟ್ಟುಬಿಡ್ತೀನಿ."

"ಹೂಂ ಅತ್ತೆ."

ಕಾರಿನ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿ ನಿಂತಿತು. ಅವಳು ಒಳಗೆ ಬಂದು ಮೊಳೆಯ ಮುಂದೆ ನಿಂತಳು. ಸೊಟ್ಟ ಮೊಳೆ, ಅಷ್ಟೇ. ಅದರ ಹಿಂದೆ ಯಾರೂ ಕಾಣಲಿಲ್ಲ. ಕುರ್ಚಿ ಎಳೆದುಕೊಂಡು ಅದರೆದುರು ಕೂತಳು, ತನಗೆ ತಾನೂ ನಾಲ್ಕನೆಯ ಮಾತು ಹೇಳಿಕೊಳ್ಳದೆ, ಕಾಯುತ್ತ.