ಅಮ್ಮನ ಗಾಳಿಹಾಸಿಗೆ

ಅಮ್ಮನ ಅರ್ಧ ಮೈ ಸ್ವಾಧೀನ ತಪ್ಪಿ ಮಾತೂ ನಿಂತುಹೋದ ಮೇಲೆ ಅವಳ ಆರೈಕೆಯೆಲ್ಲ ಅಕ್ಕನ ಹೆಗಲಿಗೆ ಬಿತ್ತು. ಅಕ್ಕ ಹೊಲಿಗೆಯವಳು. ಅಂಗಡಿಯ ಕೆಲಸ ಬಿಟ್ಟು, ಯಂತ್ರವನ್ನು ಅಮ್ಮನ ಕೋಣೆಗೇ ತಂದಿಟ್ಟುಕೊಂಡಳು. ತಮ್ಮ ಗೋದಾಮೊಂದರ ಮೇಲ್ವಿಚಾರಕ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮನೆಯಲ್ಲಿ ಇದ್ದದ್ದು ಈ ಮೂರೇ ಜನ.

ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆಂದು ಡಾಕ್ಟರು ಗಾಳಿಹಾಸಿಗೆ ಹಾಕಿಸಿದ್ದರು. ಮಂಚಕ್ಕೆ ನೇತುಹಾಕಿದ ಪುಟ್ಟ ಪಂಪು ಹಾಸಿಗೆಯ ಒಂದು ಸಾಲಿಗೆ ಗಾಳಿ ತುಂಬುತ್ತ, ಇನ್ನೊಂದರಿಂದ ತೆಗೆಯುತ್ತ ಸದಾ ಗುರ್ರೆನ್ನುತ್ತಿತ್ತು. "ಇದರ ಸದ್ದಿಗೆ ತಲೆ ಚಿಟ್ಟು ಹಿಡಿದುಹೋಗಿದೆ ಕಣೋ" ಎಂದು ಅಕ್ಕ ತಮ್ಮನ ಹತ್ತಿರ ಒಂದೆರಡು ಸಲ ಅಂದದ್ದುಂಟು. ಬೇಸರಕ್ಕೆ ಆಡಿದ ಮಾತು. ಅದು ಅವನ ತಲೆಯಲ್ಲಿ ಉಳಿದುಕೊಂಡಿತು.

ಒಂದು ಮಧ್ಯಾಹ್ನ ಅಮ್ಮನ ಮಗ್ಗುಲು ಬದಲಿಸಲು ಹೋದವಳಿಗೆ ಹಾಸಿಗೆ ಜೋತುಬಿದ್ದದ್ದು ಕೈಗೆ ಹತ್ತಿತು. ಹೊಲಿಗೆ ಯಂತ್ರದ ಸದ್ದಿನಲ್ಲಿ ಪಂಪು ನಿಂತದ್ದೇ ಕೇಳಿಸಿರಲಿಲ್ಲ. ಗೋಡೆಯ ಸ್ವಿಚ್ಚು ನೋಡಿದರೆ ಆನ್ ಆಗಿಯೇ ಇತ್ತು. ಎರಡು ಸಲ ಒತ್ತಿದಳು, ಪಂಪು ಮತ್ತೆ ಗುರ್ರೆಂದಿತು. ಸಂಜೆ ತಮ್ಮನಿಗೆ ತೋರಿಸಿದಳು. ಅವನು ಹತ್ತು ಸಲ ಒತ್ತಿದ, ಹತ್ತು ಸಲವೂ ಸರಿಯಾಗಿಯೇ ಓಡಿತು.

"ಚೆನ್ನಾಗೇ ಇದೆಯಲ್ಲ ಅಕ್ಕಾ. ನೀನೇ ಆಫ್ ಮಾಡಿ ಮರೆತಿರ್ತೀಯ."

"ನಾನ್ಯಾಕೋ ಆಫ್ ಮಾಡ್ಲಿ? ಸ್ವಿಚ್ಚು ಆನ್ ಆಗೇ ಇತ್ತು. ಎಲೆಕ್ಟ್ರಿಷಿಯನ್‌ನ ಕರೆಸು."

"ಭಾನುವಾರ ನೋಡೋಣ."

ಭಾನುವಾರ ಬಂತು, ಹೋಯಿತು.

ಆ ಮುಂದಿನ ವಾರ ಅಮ್ಮನ ಔಷಧಿಗೆಂದು ಅಕ್ಕ ಆಸ್ಪತ್ರೆಗೆ ಹೋದಳು. ಹೊರಡುವಾಗ ಪಂಪು ಓಡುತ್ತಿತ್ತು, ಅಮ್ಮ ನಿದ್ದೆಯಲ್ಲಿದ್ದಳು. ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಮೂರೂವರೆ ಗಂಟೆ ಹಿಡಿಯಿತು. ಅಂದೇ ತಮ್ಮ ಜ್ವರವೆಂದು ಬೇಗ ಮನೆಗೆ ಬಂದಿದ್ದ. ಪಂಪು ಸತ್ತಂತಿತ್ತು. ಹಾಸಿಗೆಯ ಗಾಳಿಯೆಲ್ಲ ಇಳಿದು, ಅಮ್ಮ ಮಂಚದ ಕಬ್ಬಿಣದ ಪಟ್ಟಿಗಳ ಮೇಲೆಯೇ ಮಲಗಿದ್ದಳು. ಅವನು ಗಾಬರಿಯಲ್ಲಿ ಸ್ವಿಚ್ಚನ್ನು ಟಪಟಪನೆ ಒತ್ತಿದ, ಪಂಪು ಹೊರಟಿತು. ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ ನೋಡಿದರೆ ಸೊಂಟದ ಮೇಲೆ ಅಂಗೈಯಗಲ ಚರ್ಮ ಕಪ್ಪಿಟ್ಟು ಒಡೆದಿತ್ತು.

ಅಕ್ಕ ಚಪ್ಪಲಿ ಬಿಡುವ ಮೊದಲೇ ಅವನು ಶುರುಮಾಡಿದ.

"ಸದ್ದು ತಡೆಯೋಕಾಗಲ್ಲ ಅಂತ ಆಫ್ ಮಾಡಿ ಹೋದ್ಯಲ್ಲ! ಹೆತ್ತ ತಾಯಿ ಅವಳು!"

"ನಾನು ಮುಟ್ಟಿಲ್ಲ ಕಣೋ. ಅಮ್ಮನ ಮೇಲಾಣೆ."

"ಆಫ್ ಆಗಿತ್ತು. ನಾನೇ ಕೈಯಾರೆ ಆನ್ ಮಾಡಿದೀನಿ. ಸ್ವಿಚ್ಚು ತಾನಾಗೇ ಆಫ್ ಆಗುತ್ತಾ?"

ಮಂಚದಿಂದ ಅಮ್ಮ ಗಂಟಲಲ್ಲಿ ಏನೋ ಸದ್ದು ಮಾಡಿದಳು. ಸ್ವಾಧೀನವಿದ್ದ ಎಡಗೈಯಿಂದ ಮಂಚದ ಕಂಬಿಯನ್ನು ಮತ್ತೆ ಮತ್ತೆ ಬಡಿದಳು.

"ನೋಡು, ಅಮ್ಮನೂ ಅದನ್ನೇ ಹೇಳ್ತಿದಾಳೆ" ಎಂದ ತಮ್ಮ. ಅವಳು ಹೇಳುತ್ತಿದ್ದದ್ದು ಬೇರೆಯೇ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಅವನು ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿದ. ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಮರುದಿನಕ್ಕೆ ಹತ್ತು ಮನೆ ತಲುಪುತ್ತಿತ್ತು. ಎರಡು ದಿನಕ್ಕೆ ನರ್ಸೊಬ್ಬಳು ಬಂದಳು. ಅಕ್ಕ ಹೊಲಿಗೆ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಹಳೆಯ ಅಂಗಡಿಯ ಮೇಲಿನ ಕೋಣೆಗೆ ಹೋದಳು.

ನರ್ಸು ಬೆಳಕು ಸಾಲದೆಂದು ಮಂಚವನ್ನು ಕಿಟಕಿಯ ಬದಿಗೆ ಎಳೆಸಿದಳು. ಅಲ್ಲಿ ಪಂಪಿಗೆ ಬೇರೆ ಪ್ಲಗ್ಗು ಸಿಕ್ಕಿತು. ಮುಂದೆ ಅದು ಒಮ್ಮೆಯೂ ನಿಲ್ಲಲಿಲ್ಲ. "ಅವಳು ಹೋದ ಮೇಲೆ ಒಂದು ಸಲಾನಾದ್ರೂ ನಿಂತಿದೆಯಾ, ನೀವೇ ಹೇಳಿ ಚಿಕ್ಕಮ್ಮ?" ಎಂದು ತಮ್ಮ ಕೇಳುತ್ತಿದ್ದ. ಹುಣ್ಣು ಮಾತ್ರ ಮಾಯಲಿಲ್ಲ. ಕೀವಾಗಿ, ನಂಜು ರಕ್ತಕ್ಕೇರಿ, ನಲವತ್ತನೆಯ ದಿನ ಅಮ್ಮ ತೀರಿಕೊಂಡಳು. ಹೆಣದ ಮುಂದೆ ಅಕ್ಕ ಕೂತಾಗ ಪಕ್ಕದಲ್ಲಿದ್ದ ಹೆಂಗಸರು ಸರಿದು ಕೂತರು. ಜಾಗ ಬಿಡಲಿಕ್ಕಲ್ಲ.

ಎರಡು ತಿಂಗಳ ಮೇಲೆ ತಮ್ಮ ಆ ಕೋಣೆಯಲ್ಲಿ ತಾನೇ ಮಲಗತೊಡಗಿದ. ಹಳೆಯ ಪ್ಲಗ್ಗಿಗೆ ಟೇಬಲ್ ಫ್ಯಾನು ಹಾಕಿದರೆ ಓಡುವುದು, ತನ್ನಷ್ಟಕ್ಕೆ ನಿಲ್ಲುವುದು, ಒತ್ತಿದರೆ ಮತ್ತೆ ಓಡುವುದು. ಕೊನೆಗೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ. ಅವನು ಸ್ವಿಚ್ಚು ಬಿಚ್ಚಿ ಕಾಗದದ ಮೇಲೆ ಕುಟ್ಟಿದ. ಚಹಾಪುಡಿಯಂಥ ಕಪ್ಪು ರಾಶಿ ಸುರಿಯಿತು.

"ಇರುವೆ ಸಾರ್. ಒಳಗೆ ಬೆಚ್ಚಗಿರುತ್ತಲ್ಲ, ಸೇರ್ಕೊಳ್ತವೆ. ಒಂದಕ್ಕೆ ಶಾಕ್ ಹೊಡೆದ್ರೆ ಆ ವಾಸನೆಗೆ ಇನ್ನಷ್ಟು ಬಂದು ಸಾಯ್ತವೆ. ಹೆಣ ಒಳಗಿನ ಎರಡು ತಗಡಿನ ನಡುವೆ ಸಿಕ್ಕೊಂಡ್ರೆ ಸ್ವಿಚ್ ಆನ್ ಇದ್ರೂ ಕರೆಂಟ್ ಹೋಗಲ್ಲ. ನೀವು ಒತ್ತಿದಾಗ ಪುಡಿಯಾಗಿ ದಾರಿ ಬಿಡ್ತವೆ, ಅಷ್ಟೇ. ತುಂಬಾ ದಿನದ್ದು ಇದು."



ಮರುದಿನ ತಮ್ಮ ಅಕ್ಕನ ಅಂಗಡಿಗೆ ಹೋದ. ಅಕ್ಕ ಪರದೆಯೊಂದರ ಅಂಚು ಮಡಿಸುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

"ಅವತ್ತು ಸ್ವಿಚ್ಚು ಆನಿತ್ತೋ ಆಫಿತ್ತೋ, ನಾನು ನೋಡಿರಲೇ ಇಲ್ಲ ಅಕ್ಕಾ. ಸುಮ್ನೆ ಒತ್ತಿಬಿಟ್ಟೆ."

ಯಂತ್ರ ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು. "ನನಗ್ಯಾಕೆ ಬಂದು ಹೇಳ್ತೀಯ? ನನಗೆ ಗೊತ್ತೇ ಇತ್ತಲ್ಲ. ಚಿಕ್ಕಮ್ಮನಿಗೆ ಹೇಳು. ಯಾರ್‍ಯಾರಿಗೆ ಅದನ್ನ ಹೇಳಿದ್ಯೋ, ಅವರಿಗೆಲ್ಲ ಇದನ್ನೂ ಹೇಳು."

"ಆಗಿದ್ದು ಆಯ್ತು. ಈಗ ಮತ್ತೆ ಕೆದಕಿದ್ರೆ..."

"ಭಾನುವಾರ ಹೇಳ್ತೀಯಾ?"

ಅವನು ತಲೆ ತಗ್ಗಿಸಿದ. "ಹೇಳ್ತೀನಿ" ಎಂದ.

ತಿಂಗಳು ಕಳೆದ ಮೇಲೆ ಚಿಕ್ಕಮ್ಮ ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದಳು. ನಗುನಗುತ್ತ ಸ್ಟೂಲೆಳೆದು ಕೂತಳು.

"ನಿನ್ನ ತಮ್ಮ ಬಂದಿದ್ದ ಕಣೇ. ಹಳೇದೆಲ್ಲ ಮರೆತುಬಿಡೋಣ, ಅಕ್ಕನ ಮೇಲೆ ನನಗೇನೂ ಸಿಟ್ಟಿಲ್ಲ ಅಂದ. ಎಂಥ ದೊಡ್ಡ ಮನಸ್ಸು ನೋಡು!"

"ಇನ್ನೇನೂ ಹೇಳಲಿಲ್ವಾ ಚಿಕ್ಕಮ್ಮ? ಇರುವೆ ವಿಷಯ?"

"ಯಾವ ಇರುವೆ?"

ಅಕ್ಕ ಹೇಳಿದಳು. ಸ್ವಿಚ್ಚು, ಎಲೆಕ್ಟ್ರಿಷಿಯನ್ನು, ಕಾಗದದ ಮೇಲಿನ ಕಪ್ಪು ರಾಶಿ, ಒಂದೂ ಬಿಡದೆ ಹೇಳಿದಳು. ಚಿಕ್ಕಮ್ಮ ಕೇಳುತ್ತ ಕೇಳುತ್ತ ಮರುಕದಿಂದ ಅವಳ ಮೊಣಕೈ ತಟ್ಟಿದಳು.

"ಹೋಗ್ಲಿ ಬಿಡಮ್ಮ. ಅವನೇ ಕ್ಷಮಿಸಿದಾನೆ, ಇನ್ನು ಪಾಪ ಇರುವೆ ತಲೆಗ್ಯಾಕೆ ಕಟ್ತೀಯ?"

 ಅಕ್ಕ ಗಂಟು ಬಿಚ್ಚಿ ಬಟ್ಟೆ ಹರವಿದಳು.

"ಎಷ್ಟು ಉದ್ದ ಬೇಕು?"