ಬೇಗಂ ಹರಪನಹಳ್ಳಿಗೆ ಬಂದಳು

ಮನೆ ಬದಲಿಸುವಾಗ ಟೆಂಪೋಗೆ ಎಲ್ಲವೂ ಏರುತ್ತದೆ. ಹರಕು ಚಾಪೆ ಏರುತ್ತದೆ, ತಳ ಸೀಳಿದ ಬಕೆಟ್ಟೂ ಏರುತ್ತದೆ. ಬೆಕ್ಕಿನ ಸರದಿ ಬಂದಾಗ ಮಾತ್ರ ಜಾಗ ಸಾಲುವುದಿಲ್ಲ!

ಕೊಟ್ಟೂರಿನ ಸ್ಕೂಟರ್ ಮೆಕ್ಯಾನಿಕ್ ಉಸ್ಮಾನ್ ಸಾಬ್ ಹರಪನಹಳ್ಳಿಯಲ್ಲಿ ಅಂಗಡಿ ಹಿಡಿದಾಗಲೂ ಹಾಗೇ ಆಯಿತು.

"ಬೆಕ್ಕಿಗೆ ಮನಿ ಮ್ಯಾಲ ಪ್ರೀತಿ, ಮಂದಿ ಮ್ಯಾಲ ಅಲ್ಲ. ಇಲ್ಲೇ ಬಿಡು," ಎಂದ.

"ನಿಶಾತ ಗಂಡನ ಮನಿಗೆ ಹೋಗುವಾಗ ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ಬಿಟ್ಟು ಬರಾಕ ನನ್ನಿಂದ ಆಗಂಗಿಲ್ಲ," ಎಂದಳು ಹೆಂಡತಿ ಹಾಜಿರಾ ಬೀ.

ಮಗಳು ನಿಶಾತ ಹಡಗಲಿಗೆ ಹೋದ ಮೇಲೆ ದಿನವಿಡೀ ಹಾಜಿರಾ ಬೀಯ ಮಾತು ಕೇಳುತ್ತಿದ್ದದ್ದು ಈ ಬಿಳಿ ಬೆಕ್ಕು ಬೇಗಂ ಒಬ್ಬಳೇ.

ಹೊಸ ಮನೆಗೆ ಕೊಳೆ ಒಯ್ಯಬಾರದೆಂದು ಹಾಜಿರಾ ಬೀ ಕೌದಿ, ಚಾದರ, ಬೇಗಂ ಮಲಗುತ್ತಿದ್ದ ಬಟ್ಟೆ ಎಲ್ಲವನ್ನೂ ಒಗೆದು ಹಾಕಿದಳು. ಬೇಗಂಳನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ನಮ್ಮ ಕಡೆ ಬೇಡವಾದ ಬೆಕ್ಕನ್ನು ಊರಾಚೆ ಬಿಡಲು ಒಯ್ಯುವುದೂ ಹೀಗೆಯೇ. ಪಾಪ, ಬೇಗಂ ಏನೆಂದುಕೊಂಡಳೋ!

ಹೊಸ ಮನೆಯಲ್ಲಿ ಬರೀ ಸುಣ್ಣದ ಘಾಟು. ಚೀಲ ಬಿಚ್ಚಿದ್ದೇ ತಡ, ಬೇಗಂ ತೆರೆದ ಬಾಗಿಲಿನಿಂದ ಹಾರಿದಳು. ರಸ್ತೆ ದಾಟಿ ಎದುರಿನ ಮೆಕ್ಕೆಜೋಳದ ಗೋದಾಮಿನ ಚೀಲಗಳ ಸಂದಿಗೆ ನುಗ್ಗಿದಳು. ಆ ರಸ್ತೆಯಲ್ಲಿ ಒಂದರ ಹಿಂದೊಂದು ಲಾರಿ. ಹಾಜಿರಾ ಬೀ ಕೂಗಿ ಕೂಗಿ ಸಾಕಾದಳು. ಹಮಾಲರೂ ಚೀಲ ಬಡಿದು ನೋಡಿದರು. ಬೆಕ್ಕಿನ ಸುಳಿವಿಲ್ಲ.

"ನಾ ಹೇಳಿರಲಿಲ್ಲೇನು? ಈಗ ಕೊಟ್ಟೂರು ದಾರಿ ಹಿಡದಿರ್ತೈತಿ," ಎಂದ ಉಸ್ಮಾನ್ ಸಾಬ್.

ಗುರುತಿಲ್ಲದ ಊರು, ಗುರುತಿಲ್ಲದ ಓಣಿ. ಹಾಜಿರಾ ಬೀ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು.

ಪಕ್ಕದ ಮನೆಯ ಸೌಭಾಗ್ಯ ಒಂದು ಕೊಡ ನೀರು ತಂದಿಟ್ಟು ವಿಷಯ ಕೇಳಿದಳು.

"ಅಳಬ್ಯಾಡ್ರಿ ಅಕ್ಕ. ದೂರ ಹೋಗಿರಂಗಿಲ್ಲ. ಹೆದರಿದ ಬೆಕ್ಕು ಅಲ್ಲೇ ಹತ್ರ ಅಡಗಿರ್ತೈತಿ. ಬಡಿಯೋದು, ಕೂಗೋದು ನಿಲ್ಲಿಸ್ರಿ. ಮನಿ ವಾಸನಿ ಇರೋ ಬಟ್ಟಿ, ಒಗೀಲಾರದ್ದು, ಏನರ ಐತೇನು?"

"ಎಲ್ಲಾ ಒಗದುಬಿಟ್ಟೀನಲ್ಲವ್ವ!"

ಇಬ್ಬರ ಕಣ್ಣೂ ಒಟ್ಟಿಗೇ ಉಸ್ಮಾನ್ ಸಾಬನ ಅಂಗಿಯ ಮೇಲೆ ಬಿತ್ತು. ಆಯಿಲ್, ಗ್ರೀಸ್, ಬೆವರು ಮೆತ್ತಿದ ಅಂಗಿ. ಬೇಗಂ ರಾತ್ರಿಯೆಲ್ಲ ಆ ತೋಳಿಗೇ ಅಂಟಿಕೊಂಡು ಮಲಗುತ್ತಿದ್ದಳು.

"ಅದನ್ನ ಬಿಚ್ಚಿ ಕೊಡ್ರಿ ಅಣ್ಣ," ಎಂದಳು ಸೌಭಾಗ್ಯ.

"ಹೊಸ ಓಣ್ಯಾಗ ಮೊದಲನೇ ದಿನಾನೇ ಬನಿಯನ್ ಮ್ಯಾಲ ನಿಲ್ಲಲೇನು?" ಗೊಣಗುತ್ತಲೇ ಬಿಚ್ಚಿ ಕೊಟ್ಟ.

ಸಂಜೆ ಲಾರಿಗಳ ಸದ್ದು ಅಡಗಿದ ಮೇಲೆ ಹಾಜಿರಾ ಬೀ ಚೀಲಗಳ ಸಂದಿಯ ಬಾಯಿಗೆ ಅಂಗಿ ಹಾಸಿ, ಒಂದು ತಟ್ಟೆ ಹಾಲಿಟ್ಟು ಮೆಲ್ಲಗೆ ಕರೆದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಬಿಳಿ ಮೂತಿ ಹೊರಬಂದು ಅಂಗಿ ಮೂಸಿತು. ಹಾಲು ಮುಟ್ಟಲಿಲ್ಲ. ಬೇಗಂ ಆ ಕೊಳಕು ತೋಳಿನ ಮೇಲೆ ಮೈಚಾಚಿ ಮಲಗಿಬಿಟ್ಟಳು. ಮಂದಿ ಮೇಲೆ ಪ್ರೀತಿಯಿಲ್ಲ ಎಂದಿದ್ದ ಉಸ್ಮಾನ್ ಸಾಬನೇ ಅವಳನ್ನು ಅಂಗಿಸಮೇತ ಎದೆಗವಚಿ ಒಳಗೆ ತಂದ.

"ಮೂರು ವಾರ ಹೊರಗ ಬಿಡಬ್ಯಾಡ್ರಿ," ಎಂದಳು ಸೌಭಾಗ್ಯ. "ಮೊದಲು ಒಂದು ಕೋಣ್ಯಾಗ ಇರಲಿ. ಅಂಗಿ, ಊಟ, ನೀರು, ಹೊರಕಡಿಗೆ ಹೋಗಾಕ ಒಂದು ಬುಟ್ಟಿ ಉಸುಕು, ಎಲ್ಲಾ ಅಲ್ಲೇ. ಪಶು ಆಸ್ಪತ್ರ್ಯಾಗ ಹುಚ್ಚುನಾಯಿ ರೋಗದ ಸೂಜಿ ಹಾಕಿಸ್ರಿ. ಅದು ಬೆಕ್ಕಿಗೂ ಬೇಕು."

"ಇಷ್ಟೆಲ್ಲಾ ಹೆಂಗ ಗೊತ್ತವ್ವ ನಿನಗ?"

"ಕೋಗಳಿಯಿಂದ ಬಂದಾಗ ನಮ್ಮ ನಾಯಿನ ಬಂದ ದಿನಾನೇ ಬಿಚ್ಚಿಬಿಟ್ವಿ ಅಕ್ಕ. ಊರಿಗೆ ವಾಪಸ್ ಹೊಂಟು ಲಾರಿ ಗಾಲಿಗೆ ಸಿಕ್ತು. ಆಮ್ಯಾಲ ಪಶು ಡಾಕ್ಟರು ಇದನ್ನೆಲ್ಲಾ ಹೇಳಿದ್ರು. ಮೊದಲೇ ಹೇಳೋರು ನಮಗ ಯಾರೂ ಇರಲಿಲ್ಲ."

ಹಾಜಿರಾ ಬೀ ಅವಳ ಎರಡೂ ಕೈ ಹಿಡಿದುಕೊಂಡಳು. "ನಮಗ ನೀ ಇದ್ದಿ ತಂಗಿ. ನಿನ್ನ ಉಪಕಾರ ನಾ ಸಾಯೋತನಕ ಮರೆಯಂಗಿಲ್ಲ."

ಓದುಗರೇ, ನೀವು ಮನೆ ಬದಲಿಸುವಾಗ ಸಾಕಿದ ಜೀವವನ್ನು ಬಿಟ್ಟು ಹೋಗಬೇಡಿ. ಬೆಕ್ಕನ್ನು ಗೋಣಿಚೀಲದಲ್ಲಲ್ಲ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಒಯ್ಯಿರಿ. ಅದರ ಹಾಸಿಗೆ ಒಗೆಯಬೇಡಿ. ಹೊಸ ಮನೆ ಒಗ್ಗುವ ತನಕ ಒಳಗೇ ಇಟ್ಟುಕೊಳ್ಳಿ, ಲಸಿಕೆ ಹಾಕಿಸಿ. ನಿಮ್ಮ ಓಣಿಗೆ ಹೊಸಬರ ಟೆಂಪೋ ಬಂದು ನಿಂತರೆ, ಸಾಮಾನು ಇಳಿಯುವ ಮೊದಲೇ ಹೋಗಿ ಇಷ್ಟನ್ನು ಹೇಳಿ. ಸೌಭಾಗ್ಯಳ ನಾಯಿಗೆ ಆಗಿದ್ದು ಇನ್ನೊಂದಕ್ಕೆ ಆಗದಿರಲಿ.