ಹಣಮಂತಮ್ಮನ ಬುತ್ತಿ

“ಬದನಿಕಾಯೇ ಕಟ್ಟು ಬಾಲಮ್ಮ, ಅದರಾಗ ಕೇಳೂದೇನದ? ಬದನಿಕಾಯಿ ಅಂದ್ರ ಆಕಿ ಜೀವ ಬಿಡತಿದ್ಲು,” ಎಂದಳು ಓಣಿಯ ಹಿರಿಯಳು ಅಯ್ಯಮ್ಮ.

“ಜೀವ ಬಿಟ್ಟಿದ್ದು ಇವತ್ತ ಮುಂಜಾನಿ. ಆಕಿ ಬದನಿಕಾಯಿ ತಿಂದಿದ್ದು ನೀ ಯಾವಾಗ ನೋಡಿದಿ?” ಎದುರುಮನೆಯ ಸುಂದ್ರಮ್ಮ ತಿರುಗಿಬಿದ್ದಳು.

“ಬೆಳೆದಾಕಿ ತಿನ್ನಂಗಿಲ್ಲೇನ? ನನ್ನ ಮನಿಗೇ ಬುಟ್ಟಿ ತುಂಬ ಕಳಸ್ತಿದ್ಲು.”

“ಅಂದ್ರ ನೀ ಏನ್ ತಿಂತಿದ್ದಿ ಅಂಬೂದು ಗೊತ್ತಾತು. ಆಕಿದು ಹೇಳು.”

ಹಣಮಂತಮ್ಮನ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಆಕೆಯ ಹಿತ್ತಲ ಕಾಯಿಪಲ್ಯ ತಿನ್ನದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ, ಆಕೆಗೆ ಏನು ಸೇರುತ್ತಿತ್ತೆಂದು ಬಲ್ಲವರೂ ಒಬ್ಬರಿರಲಿಲ್ಲ.

ಕೊಂಕಲ್ ಊರಿನ ಆ ಓಣಿಯಲ್ಲೊಂದು ರೂಢಿ. ಹೋಗುವವರು ಆಸೆಪಟ್ಟು ತಿನ್ನುತ್ತಿದ್ದುದನ್ನು ಬುತ್ತಿ ಕಟ್ಟಿ ಹೂಳುವ ಕುಣಿಯಲ್ಲಿ ಅವರ ಮಗ್ಗುಲಿಗೆ ಇಡಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಡಿಗೆ ನೆರೆಮನೆಯ ಒಲೆಯ ಮೇಲೆ ಆಗಬೇಕು. ಕಟ್ಟುವವಳು ಮಾತ್ರ ಮನೆಯ ಹೆಂಗಸೇ. ಗಂಡ ಕಾಲರಾಕ್ಕೆ ಹೋಗಿ, ಮಕ್ಕಳೂ ಇಲ್ಲದ ಹಣಮಂತಮ್ಮನಿಗೆ ಮನೆಯ ಹೆಂಗಸೆಂದರೆ ಮೈದುನನ ಹೆಂಡತಿ ಬಾಲಮ್ಮ ಒಬ್ಬಳೇ. ಬುತ್ತಿ ತಪ್ಪಿದರೆ ಹೋದವರು ಹಸಿದೇ ಹೋಗುತ್ತಾರೆಂದು ಸಣ್ಣವಳಿದ್ದಾಗಿನಿಂದ ಕೇಳುತ್ತ ಬಂದವಳು ಅವಳು.

ಬಾಲಮ್ಮನ ಗಂಡ ಮರಿಲಿಂಗಪ್ಪ ಬಾಗಿಲಲ್ಲಿ ಇಣುಕಿದ. “ಲಗೂನ ಮಾಡ್ರಿ, ಕುಣಿ ತಯಾರಾಗ್ಯದ. ಹನ್ನೆರಡು ವರ್ಷ ವೈನಿ ಕೈಲಿಂದ ಇಸ್ಕೊಂಡು ತಿಂದು, ಆಕಿಗೇನು ಸೇರತಿತ್ತು ಗೊತ್ತಿಲ್ಲಂದ್ರ ಹ್ಯಾಂಗ?”

“ನೀವೂ ತಿಂದೀರಿ. ನಿಮಗ ಗೊತ್ತದೇನು?”

ಆತ ರುಮಾಲು ಸರಿಮಾಡಿಕೊಳ್ಳುತ್ತ ಹೊರಗೆ ಹೋದ.

*

ಬಾಲಮ್ಮ ಮದುವೆಯಾಗಿ ಬಂದ ವರ್ಷವೇ ಆ ಮನೆಯಲ್ಲಿ ಒಲೆ ಎರಡಾಗಿದ್ದವು. “ನಿನ್ನ ಒಲಿ ನಿನಗ, ನನ್ನ ಒಲಿ ನನಗ” ಎಂದವಳು ಬಾಲಮ್ಮನೇ. ಜಗಳ ಉಪ್ಪಿನದೋ ಖಾರದ್ದೋ, ಈಗ ನೆನಪಿಲ್ಲ. ನಡುವೆ ಗೋಡೆ ಎದ್ದಿತು. ಹಿತ್ತಲು ಹಣಮಂತಮ್ಮನ ಪಾಲಿಗೆ ಬಂತು. ಬಚ್ಚಲ ನೀರು ತಿರುಗಿಸಿ, ಕುರಿಹಿಕ್ಕೆ ಹಾಕಿ ಆಕೆ ಬದನೆ, ಬೆಂಡೆ, ಹೀರೆ, ಸೋರೆ, ಪುಂಡಿ ಎಬ್ಬಿಸಿದಳು. ಮೊದಲ ಫಸಲು ಉಡಿಯಲ್ಲಿ ತಂದು ಸುರಿದದ್ದೇ ಬಾಲಮ್ಮನ ಬಾಗಿಲಿಗೆ.

ತಂದವಳು ತಕ್ಷಣ ಹೋಗುತ್ತಿರಲಿಲ್ಲ. ಒಂದು ದಿನ ಬಾಲಮ್ಮ ಎಣ್ಣೆಗಾಯಿ ಕುದಿಯಲಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಆಯಿತು, ಎರಡಾದವು, ಮೂರಾದವು. ಹಣಮಂತಮ್ಮ ಇನ್ನೂ ನಿಂತೇ ಇದ್ದಳು.

“ಮತ್ತೇನರ ಬೇಕಾಗಿತ್ತೇನಕ್ಕ?”

“ಏನಿಲ್ಲವ್ವ. ರೊಟ್ಟಿ ಛಲೋ ಉಬ್ಬಾಕತ್ಯಾವ, ನೋಡಾಕತ್ತಿದ್ದೆ.”

ಖಾಲಿ ಉಡಿ ಕೊಡವಿಕೊಂಡು ಹೋದಳು. ‘ಬಾ, ಕೂಡು’ ಎನ್ನಬೇಕಿತ್ತೆಂದು ಬಾಲಮ್ಮನಿಗೆ ಆವತ್ತು ಹೊಳೆಯಲಿಲ್ಲ.

*

ಬೇರೆ ದಾರಿ ಕಾಣದೆ ಬಾಲಮ್ಮ ಹಿತ್ತಲಿಗೆ ಬಂದು ಬದನೆಕಾಯಿ ಹರಿಯತೊಡಗಿದ್ದಳು.

“ಅದು ಬ್ಯಾಡ, ಬಾಲಮ್ಮ.”

ಮೋಟುಗೋಡೆಯಾಚೆ ಪಕ್ಕದ ಮನೆಯ ಕುಬ್ರಾಬೇಗಂ ನಿಂತಿದ್ದಳು. ಐದು ವರ್ಷದ ಹಿಂದೆ, ಭಾರತದ ಫೌಜು ಬಂದು ನಿಜಾಮನ ಆಳ್ವಿಕೆ ಮುಗಿದ ಆ ವಾರ, ಶಹಾಪುರಕ್ಕೆ ಹೋದ ಅವಳ ಗಂಡ ಮೆಹಬೂಬ ತಿರುಗಿ ಬಂದಿರಲಿಲ್ಲ. ಅಂದಿನಿಂದ ಓಣಿಯವರು ಅವಳ ಮನೆ ಮುಂದೆ ಹಾಯುವಾಗ ಕಾಲು ಬೇಗ ಹಾಕುತ್ತಿದ್ದರು. ಇವತ್ತೂ ಅವಳು ಮುಂಬಾಗಿಲಿಗೆ ಬಂದಿರಲಿಲ್ಲ.

“ಬದನಿಕಾಯಿ ತಿಂದ್ರ ಆಪಾಗ, ನಿಮ್ಮ ಅಕ್ಕಗ, ಮೈಯೆಲ್ಲ ತುರಿಸ್ತಿತ್ತು. ಒಂದು ಹೋಳು ಮುಟ್ಟತಿದ್ದಿಲ್ಲ.”

“ನಿನಗ್ಹ್ಯಾಂಗ ಗೊತ್ತು?”

“ದಿನಾ ಮಧ್ಯಾಹ್ನ ಇಲ್ಲೇ ಉಣ್ಣತಿದ್ಲಲ್ಲ. ನಮ್ಮವರು ಹೋದ ಮ್ಯಾಲ ನಾ ಒಲಿ ಹಚ್ಚಿರಲಿಲ್ಲ. ಒಂದಿನ ಸೋರಿಕಾಯಿ ಹಿಡ್ಕೊಂಡು ಬಂದು, ‘ಅಡಿಗಿ ಮಾಡು, ನಾನೂ ಉಣ್ತೀನಿ, ಒಬ್ಬಾಕಿನೇ ಕುಂತ್ರ ತುತ್ತು ಗಂಟಲಾಗ ಇಳಿಯಂಗಿಲ್ಲ’ ಅಂದ್ಲು. ಹುಣಸಿಹುಳಿ ಹಾಕಿ ಸೋರಿಕಾಯಿ ಬ್ಯಾಳಿ ಮಾಡಿದೆ, ನಮ್ಮ ದಾಲ್ಚಾ. ಅದಂದ್ರ ಎರಡೆರಡು ಸಲ ನೀಡಿಸ್ಕೊಂತಿದ್ಲು.”

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಹೊಗೆ ಏಳದ್ದನ್ನು ಬಾಲಮ್ಮ ನೋಡಿದ್ದಳು. ಮುಂಜಾನೆಯ ರೊಟ್ಟಿ ಉಳಿದಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಐದು ವರ್ಷ.

ಕುಬ್ರಾಬೇಗಂ ದನಿ ತಗ್ಗಿಸಿದಳು. “ನಿನ್ನಿ ಸಂಜಿಮುಂದ ಸೋರಿಕಾಯಿ ಕೊಟ್ಟು, ನಾಳಿ ಬರ್ತೀನಿ ಅಂದಿದ್ಲು. ಮುಂಜಾನಿ ನೀವು ಅಳೂದು ಕೇಳ್ತು. ಏನ್ ಮಾಡ್ಬೇಕು ತಿಳೀಲಿಲ್ಲ. ಮಾಡಿಟ್ಟೀನಿ. ಆಕಿ ಗಡಗಿ ಬ್ಯಾರೇನೇ ಅದ, ಮಾಂಸ ಮುಟ್ಟಿಲ್ಲದ್ದು.”

ಒಳಗಿಂದ ಅಯ್ಯಮ್ಮ ಕೂಗಿದಳು. ಬಾಲಮ್ಮ ಒಮ್ಮೆ ಹಿಂದಕ್ಕೆ ನೋಡಿದಳು. ಉಡಿಯಲ್ಲಿದ್ದ ಬದನೆಕಾಯಿಗಳನ್ನು ಗಿಡದ ಬುಡಕ್ಕೆ ಸುರಿದು ಗೋಡೆಯ ಮೇಲೆ ಕೈ ಚಾಚಿದಳು.

“ಕೊಡು.”

“ರೊಟ್ಟಿ?”

“ರೊಟ್ಟಿನೂ ನಿನ್ನವೇ ಕೊಡು.”

*

ಅಂಗಳದಲ್ಲಿ ಹಲಿಗೆ ಬಡಿತ ಸುರುವಾಗಿತ್ತು. ಬಿಳಿ ಬಟ್ಟೆಯ ಗಂಟನ್ನು ಬಾಲಮ್ಮ ಎರಡೂ ಕೈಯಲ್ಲಿ ಹಿಡಿದು ತಂದಳು. ಅಯ್ಯಮ್ಮ ಮೂಗರಳಿಸಿದಳು.

“ಬದನಿಕಾಯಿ ವಾಸನಿ ಅಲ್ಲಿದು.”

“ಸೋರಿಕಾಯಿ, ಆಯಿ. ಅಕ್ಕನ ಹಿತ್ತಲದ್ದೇ.”

“ಒಲಿ ಹಚ್ಚಬೇಕಾದ ಸುಂದ್ರಮ್ಮ ಇಲ್ಲೇ ಕುಂತಾಳ. ಯಾರ ಒಲಿ ಮ್ಯಾಲ ಆತು?”

ಹೆಂಗಸರು ಬಾಲಮ್ಮನ ಕಡೆ ತಿರುಗಿದರು. ಚಟ್ಟ ಬಿಗಿಯುತ್ತಿದ್ದ ಮರಿಲಿಂಗಪ್ಪನೂ ತಲೆಯೆತ್ತಿದ.

“ನೆರಿಮನಿ ಒಲಿ ಮ್ಯಾಲ ಆಗಬೇಕಂತ ನೀನೇ ಹೇಳಿದಿ,” ಎಂದಳು ಬಾಲಮ್ಮ. “ನೆರಿಮನಿದರ ಮ್ಯಾಲೇ ಆಗ್ಯದ.”

ಮರಿಲಿಂಗಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಗಂಟಿಗೆ ಕೈ ಒಡ್ಡಿ, “ಹೊತ್ತಾತು. ಎತ್ರಿ,” ಎಂದ.

ಗಂಡಸರು ಹೊರಟರು. ಹಲಿಗೆಯ ಸದ್ದು ಓಣಿ ತಿರುಗಿ ಸಣ್ಣದಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಾವಿಯ ಕಡೆ ನಡೆದರು, ಪಡಸಾಲೆಯಲ್ಲಿ ಬಾಲಮ್ಮ ಒಬ್ಬಳೇ ಉಳಿದಳು. ಗಂಟಿನಿಂದ ಇಳಿದ ಬೇಳೆಯ ಹುಳಿ ಅವಳ ಅಂಗೈಯಲ್ಲಿ ಹಳದಿಯಾಗಿ ನಿಂತಿತ್ತು. ಕುಣಿಗೆ ಮಣ್ಣು ಬೀಳುವ ತನಕ ಮನೆಯವರು ಬಾಯಿಗೆ ಹನಿ ನೀರೂ ಹಾಕಬಾರದು. ಬಾಲಮ್ಮ ಸೆರಗಿಗೆ ಒರೆಸಿಕೊಳ್ಳಲು ಕೈ ಎತ್ತಿದಳು. ಒರೆಸಿಕೊಳ್ಳಲಿಲ್ಲ. ಅಕ್ಕನನ್ನು ಒರಗಿಸಿದ್ದ ಗೋಡೆಯ ಕಡೆ ತಿರುಗಿ ಕುಳಿತು ಅಂಗೈಯನ್ನು ನಾಲಿಗೆಗೆ ಮುಟ್ಟಿಸಿದಳು.